ನಾಯಿಯ ಕೊರಳಿಗೆ ಬೀಗ

ಸಾಕುನಾಯಿಯ ಬೊಗಳಾಟವು ದಿನಪತ್ರಿಕೆಯೊಂದು ಅಂಕಣ ವ್ಯಯಿಸಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ವಾಚಕರಿಗೆ ಅನಿಸಬಹುದು. ಅಕ್ಕಿಯ ಬೆಲೆ, ಬ್ಲಾಕಿನ ಬಾಡಿಗೆ, ಲೋಕಲ್ ಗಾಡಿಯ ನೂಕುನುಗ್ಗಲು ಇವುಗಳ ಮುಂದೆ ಅದು ಕ್ಷುಲ್ಲಕವೆಂದೇ ತೋರುವುದು. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ಹಾಗೂ ನವಿ ಮುಂಬಯಿಯ ಸೊಸೈಟಿಗಳಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವ ನಮ್ಮ ಜನಕ್ಕೆ, ಗೋಡೆಯ ಆಚೆಗಿನ ನಾಯಿಯು ಈಚೆಗಿನ ಮನುಷ್ಯನ ನಿದ್ದೆಯನ್ನು ಎಷ್ಟರಮಟ್ಟಿಗೆ ಕೆಡಿಸಬಲ್ಲದೆಂಬುದನ್ನು ಹೊಸತಾಗಿ ಹೇಳಬೇಕಾಗಿಲ್ಲ. ನಿದ್ದೆಗೆಟ್ಟವನು ಮರುದಿನ ಗಿರಾಕಿಯ ಮೇಲೆ ಸಿಡುಕುತ್ತಾನೆ. ಗಿರಾಕಿ ಧಣಿಗೆ ದೂರುತ್ತಾನೆ. ಧಣಿಯು ಸಂಬಳದ ದಿನ ಅದನ್ನು ನೆನೆಯುತ್ತಾನೆ. ಹೀಗೆ ನಾಯಿಯ ಗಂಟಲಿನಿಂದ ಹೊರಟದ್ದು ಮನುಷ್ಯನ ಅನ್ನದ ತಟ್ಟೆಯವರೆಗೂ ಬಂದು ಮುಟ್ಟುವುದುಂಟು.

ಈ ವಿಷಯವಾಗಿ ಈಚೆಗೆ ನಮಗೆ ಬಂದ ಪತ್ರಗಳಲ್ಲಿ ಎರಡನ್ನು ಇಲ್ಲಿ ಪ್ರಸ್ತಾಪಿಸುವುದು ಯುಕ್ತವೆನಿಸಿದೆ. ಮೊದಲನೆಯದು ಕಲ್ಯಾಣದ ಹೊಟೇಲೊಂದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಬಾಂಧವರೊಬ್ಬರದು. ರಾತ್ರಿ ಹನ್ನೆರಡಕ್ಕೆ ಕೆಲಸ ಮುಗಿಸಿ ಖೋಲಿಗೆ ಮರಳುವ ಅವರು ನಾಲ್ಕೂವರೆಗೆ ಏಳಬೇಕು. ಮೇಲಿನ ಮಾಳಿಗೆಯ ಗ್ಯಾಲರಿಯಲ್ಲಿ ಕಟ್ಟಿದ ನಾಯಿಯು ಎರಡು ಗಂಟೆಗೆ ತನ್ನ ಪಾರಾಯಣವನ್ನು ಪ್ರಾರಂಭಿಸುತ್ತದೆಯಂತೆ. ಆ ಮನೆಯವರಿಗೆ ಹೇಳಿದರೆ, ನಾಯಿ ಬೊಗಳದೆ ಹಾಡೀತೇ ಎಂದು ಕೇಳಿ ಕದವಿಕ್ಕಿಕೊಂಡರಂತೆ. ಎರಡನೆಯದು ಡೊಂಬಿವಲಿಯ ಗುಮಾಸ್ತರೊಬ್ಬರದು. ಗಂಡಹೆಂಡಿರಿಬ್ಬರೂ ನೌಕರಿಯವರು. ಮಗನು ಹಟ ಹಿಡಿದನೆಂದು ನಾಯಿಮರಿಯನ್ನು ತಂದರು; ಮಗನು ಈಗ ಓದಿಗಾಗಿ ಪರಸ್ಥಳದಲ್ಲಿದ್ದಾನೆ; ನಾಯಿ ಮನೆಯಲ್ಲಿ ಉಳಿದಿದೆ. ಬೆಳಗಿನ ಏಳರಿಂದ ರಾತ್ರಿ ಎಂಟರವರೆಗೆ ಬಾಗಿಲಿಗೆ ಬೀಗ. ಒಳಗೆ ಅದು ಬೊಗಳಿ ಬೊಗಳಿ ಸೊಸೈಟಿಯವರಿಂದ ಲಿಖಿತ ಎಚ್ಚರಿಕೆ ಬಂದಿದೆ. ಆ್ಯಂಟಿ-ಬಾರ್ಕ್ ಕಾಲರ್ ಎಂಬ ಕೊರಳಪಟ್ಟಿಯೊಂದು ಮಾರಾಟಕ್ಕಿದೆ, ಅದನ್ನು ತೊಡಿಸಿದರೆ ನಾಯಿ ತಾನಾಗಿ ಬಾಯಿ ಮುಚ್ಚುವುದು ಎಂದು ಯಾರೋ ಹೇಳಿದ್ದಾರೆ. ಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ.

ಒಬ್ಬರು ನಾಯಿಯಿಂದ ನೊಂದವರು, ಇನ್ನೊಬ್ಬರು ನಾಯಿಯ ಒಡೆಯರು. ಇಬ್ಬರೂ ನಮ್ಮವರೇ. ಒಬ್ಬರ ಪಕ್ಷ ವಹಿಸಿ ಇನ್ನೊಬ್ಬರನ್ನು ಜರೆಯುವುದು ಸುಲಭ. ಅದರಿಂದ ಕಲ್ಯಾಣದವರಿಗೆ ನಿದ್ದೆ ಬಾರದು, ಡೊಂಬಿವಲಿಯ ಎಚ್ಚರಿಕೆಯ ಪತ್ರವೂ ಹಿಂದೆ ಹೋಗದು. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಆ ಪಟ್ಟಿಯನ್ನು ಕೊಳ್ಳಕೂಡದು. ಹಾಗೆಯೇ, ಅಡಿಗೆಯವರ ನಾಲ್ಕು ಗಂಟೆಯ ನಿದ್ದೆಯನ್ನು ಅವರಿಗೆ ದೊರಕಿಸಿಕೊಡುವ ಹೊಣೆ ನಾಯಿಯ ಒಡೆಯರದೇ ಹೊರತು ಅಡಿಗೆಯವರದಲ್ಲ.

ಈ ಪಟ್ಟಿಯ ಸ್ವರೂಪವನ್ನು ತಿಳಿಯದವರಿಗಾಗಿ ಕೊಂಚ ವಿವರಿಸಬೇಕು. ನಾಯಿಯ ಗಂಟಲಿಗೆ ತಾಗಿ ನಿಲ್ಲುವಂತೆ ಕಟ್ಟುವ ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ ಇರುತ್ತದೆ. ನಾಯಿ ಬೊಗಳಿದಾಗ ಗಂಟಲಲ್ಲಿ ಉಂಟಾಗುವ ಕಂಪನವನ್ನೋ, ಹೊರಬೀಳುವ ಸದ್ದನ್ನೋ ಅದು ಗ್ರಹಿಸುತ್ತದೆ. ಗ್ರಹಿಸಿದೊಡನೆ ಶಿಕ್ಷೆ ವಿಧಿಸುತ್ತದೆ. ಕೆಲವು ಪಟ್ಟಿಗಳು ಮೊಬೈಲಿನಂತೆ ಗಡಗಡನೆ ನಡುಗುತ್ತವೆ. ಕೆಲವು ನಮಗೆ ಕೇಳಿಸದ, ನಾಯಿಗೆ ಮಾತ್ರ ಕೇಳಿಸುವ ಕೀರಲು ಸದ್ದನ್ನು ಹೊರಡಿಸುತ್ತವೆ. ಮನುಷ್ಯನ ಕಿವಿ 20,000 ಹರ್ಟ್ಸ್‌ನ ಆಚೆಗೆ ಹೋಗದು, ನಾಯಿಯ ಕಿವಿ ಅದರ ಎರಡರಷ್ಟನ್ನು ದಾಟುವುದು. ಕೆಲವು ಸಿಟ್ರೊನೆಲ್ಲಾ ಎಂಬ, ನಮ್ಮ ಮಜ್ಜಿಗೆಹುಲ್ಲಿನ ಜಾತಿಯದೇ ಆದ ಹುಲ್ಲಿನ ತೈಲವನ್ನು ಮೂತಿಗೆ ಎರಚುತ್ತವೆ. ಕೊನೆಯ ಬಗೆಯವು ಎರಡು ಲೋಹದ ಮೊಳೆಗಳ ಮೂಲಕ ಕೊರಳಿಗೆ ವಿದ್ಯುತ್ತಿನ ಪೆಟ್ಟು ಕೊಡುತ್ತವೆ. ಮಾರುವವರು ಇದನ್ನು ಪೆಟ್ಟು ಎನ್ನುವುದಿಲ್ಲ. ತಿದ್ದುಪಡಿ, ಪ್ರಚೋದನೆ ಎಂಬ ನಯದ ಹೆಸರುಗಳಿವೆ. ಹೆಸರು ನಯವಾದರೆ ಮೊಳೆ ಮೆತ್ತಗಾಗುವುದೇ?

ಸದ್ದಿನಿಂದ ನಡೆಯುವ ಪಟ್ಟಿಗಳಿಗೆ ಇನ್ನೊಂದು ದೋಷವುಂಟು. ಪಕ್ಕದ ಮನೆಯ ನಾಯಿ ಬೊಗಳಿದರೂ, ಬಾಗಿಲು ದಢಾರನೆ ಬಡಿದರೂ, ಅಗ್ಗದ ಯಂತ್ರಕ್ಕೆ ವ್ಯತ್ಯಾಸ ತಿಳಿಯದೆ ಸುಮ್ಮನೆ ಮಲಗಿದ್ದ ನಾಯಿಗೆ ಶಿಕ್ಷೆಯಾಗಬಹುದು. ಮಾಡದ ತಪ್ಪಿಗೆ ಪೆಟ್ಟು ತಿಂದ ಪ್ರಾಣಿಯು ಅದರಿಂದ ಏನನ್ನು ಕಲಿಯಬೇಕು? ಇಡೀ ದಿನ ಬಿಗಿದಿಟ್ಟರೆ ಮೊಳೆ ಒತ್ತಿದ ಕಡೆ ಕೊರಳು ಹುಣ್ಣಾಗುವುದೂ ಇದೆ. ರೋಮದ ಮರೆಯಲ್ಲಿ ಅದು ಬಹುದಿನ ಕಣ್ಣಿಗೆ ಬೀಳುವುದೇ ಇಲ್ಲ.

ಪಟ್ಟಿ ನಿಷ್ಪ್ರಯೋಜಕವೆಂದು ಮಾತ್ರ ನಾವು ಹೇಳಲಾರೆವು. ಕೆಲಕಾಲ ಅದು ಫಲ ಕೊಡುವುದು ನಿಜ. 1996ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೆಲವೇ ನಾಯಿಗಳ ಮೇಲೆ ಎರಡು ಬಗೆಯ ಪಟ್ಟಿಗಳನ್ನು ಹೋಲಿಸಿ ನೋಡಿದಾಗ, ವಿದ್ಯುತ್ತಿನ ಪಟ್ಟಿಗಿಂತ ತೈಲ ಎರಚುವ ಪಟ್ಟಿಯೇ ಹೆಚ್ಚು ಫಲಕಾರಿಯೆಂದು ಒಡೆಯರು ಹೇಳಿದರು. ಅಂದರೆ ಹೆಚ್ಚು ನೋವು ಕೊಟ್ಟದ್ದು ಹೆಚ್ಚು ಕೆಲಸ ಮಾಡಲಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಿಂದ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ತೈಲದ ಪಟ್ಟಿಯನ್ನೇ ಕೆಲವು ವಾರ ಪರೀಕ್ಷಿಸಿತು. ಮೊದಲು ಬೊಗಳುವುದು ಚೆನ್ನಾಗಿ ತಗ್ಗಿತು. ದಿನ ಕಳೆದಂತೆ ನಾಯಿಗಳಿಗೆ ವಾಸನೆ ರೂಢಿಯಾಗಿ ಪಟ್ಟಿಯ ಪ್ರಭಾವವೂ ಇಳಿಯತೊಡಗಿತು. ಅಮೆರಿಕದ ಪ್ರಾಣಿವರ್ತನಾ ಪಶುವೈದ್ಯರ ಸಂಘವು 2021ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ನಾಯಿಗಳನ್ನು ಪಳಗಿಸಲು ಬಹುಮಾನದ ಮಾರ್ಗವನ್ನೇ ಅನುಸರಿಸಬೇಕು, ನೋವು ಭಯಗಳ ಮಾರ್ಗ ಸಲ್ಲದು ಎಂದಿದೆ. ವೇಲ್ಸ್ ದೇಶವು 2010ರಲ್ಲಿಯೇ ವಿದ್ಯುತ್ತಿನ ಪಟ್ಟಿಗಳನ್ನು ನಿಷೇಧಿಸಿತು.

ವಿದ್ವಾಂಸರ ಮಾತನ್ನು ಬದಿಗಿಟ್ಟು, ನಮಗೆ ಬಲ್ಲ ಉದ್ಯೋಗದ ಮಾತನ್ನೇ ಹೇಳೋಣ. ಹೊಟೇಲಿನಲ್ಲಿ ಗಿರಾಕಿಯೊಬ್ಬನು ಚಹಾ ತಣ್ಣಗಿದೆಯೆಂದು ಕೂಗಿದರೆ ಗಲ್ಲೆಯ ಮೇಲೆ ಕುಳಿತವನು ಏನು ಮಾಡುತ್ತಾನೆ? ಬಾಯ್ಲರಿನ ಕಡೆಗೆ ನೋಡುತ್ತಾನೆ. ಗಿರಾಕಿಯ ಬಾಯಿಗೆ ಬಟ್ಟೆ ತುರುಕಿದರೂ ಸದ್ದು ನಿಂತೀತು. ಆದರೆ ಚಹಾ ತಣ್ಣಗೆಯೇ ಇರುವುದು. ನಾಯಿಯ ಬೊಗಳುವಿಕೆ ಒಂದು ದೂರು. ಅದು ಹೆದರಿಕೆಯ ದೂರಾಗಿರಬಹುದು, ಬೇಸರದ್ದಾಗಿರಬಹುದು, ಒಂಟಿತನದ್ದಾಗಿರಬಹುದು, ಮೈಯ ನೋವಿನದಾಗಿರಬಹುದು. ಪಟ್ಟಿಗೆ ಇವುಗಳ ಭೇದ ಗೊತ್ತಿಲ್ಲ. ಎಲ್ಲ ದೂರಿಗೂ ಅದರ ಉತ್ತರ ಒಂದೇ. ಹದಿಮೂರು ಗಂಟೆ ಒಬ್ಬಂಟಿಯಾಗಿ ಬೀಗದೊಳಗೆ ಉಳಿದು, ನಮ್ಮವರು ಎಲ್ಲಿ ಎಂದು ಕೂಗಿದ ಪ್ರಾಣಿಗೆ, ಕೂಗಿದ್ದಕ್ಕಾಗಿ ಕೊರಳಿಗೆ ಪೆಟ್ಟು ಬಿದ್ದರೆ, ಅದು ಮೌನವಾದೀತು. ಅದರ ದಿಗಿಲು ಮಾತ್ರ ಇಮ್ಮಡಿಸುವುದು. ಅಂಥ ನಾಯಿಗಳು ಬೊಗಳುವುದನ್ನು ಬಿಟ್ಟು ಬಾಗಿಲನ್ನು ಕೆರೆಯುವುದು, ತಮ್ಮ ಕಾಲನ್ನು ತಾವೇ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು ಅಪರೂಪವಲ್ಲ.

ಇನ್ನೊಂದು ಅಪಾಯವನ್ನು ಮಕ್ಕಳಿರುವ ಕಟ್ಟಡದವರು ವಿಶೇಷವಾಗಿ ಗಮನಿಸಬೇಕು. ಪೆಟ್ಟು ಯಾತಕ್ಕೆ ಬಿತ್ತೆಂಬುದನ್ನು ನಾಯಿಯು ನಮ್ಮಂತೆ ತರ್ಕಿಸುವುದಿಲ್ಲ. ಪೆಟ್ಟು ಬಿದ್ದಾಗ ಕಣ್ಣೆದುರಿಗೆ ಯಾರಿದ್ದರೋ ಅವರನ್ನು ಅದಕ್ಕೆ ಗಂಟು ಹಾಕುವುದು ಅದರ ಸ್ವಭಾವ. ಓಣಿಯಲ್ಲಿ ಆಡುವ ಹುಡುಗನನ್ನು ಕಂಡು ಬೊಗಳಿದಾಗಲೆಲ್ಲ ನೋವಾದರೆ, ಹುಡುಗನೇ ನೋವು ಎಂದು ಅದು ತಿಳಿದೀತು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಬದುಕಿದವರು ನಾವು. ಬೊಗಳುವುದನ್ನೇ ಮರೆಸಿದ ನಾಯಿಯ ವಿಷಯದಲ್ಲಿ ಗಾದೆಯಿಂದ ನಮಗೆ ಯಾವ ಆಶ್ವಾಸನೆಯೂ ಇಲ್ಲ.

ಊರಿನಲ್ಲಿ ನಾಯಿ ಅಂಗಳದ್ದು. ನರಿ ಬಂದರೆ, ಚಿರತೆಯ ವಾಸನೆ ಬಂದರೆ, ಅಪರಿಚಿತನು ಗದ್ದೆಯ ಅಂಚಿನಲ್ಲಿ ಕಂಡರೆ ಬೊಗಳಬೇಕಾದುದು ಅದರ ಉದ್ಯೋಗ. ಮೂರು ಹೊತ್ತಿನ ಗಂಜಿ ಆ ಉದ್ಯೋಗದ ಸಂಬಳ. ಬೊಗಳದ ನಾಯಿಯನ್ನು ಊರಿನವರು ಸೋಮಾರಿಯೆನ್ನುತ್ತಿದ್ದರು. ನಮ್ಮ ನಾಡು ನಾಯಿಗೆ ಎಂಥ ಮರ್ಯಾದೆ ಕೊಟ್ಟಿತ್ತೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೇ ಸಾಕ್ಷಿ. ಸುಮಾರು 950ರ ಆ ಶಾಸನದ ಪ್ರಕಾರ, ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೆರನಿಗೆ ಗಂಗರ ಬೂತುಗನು ಮೆಚ್ಚಿದ್ದೇನೆ, ಬೇಡಿಕೋ ಎಂದಾಗ, ಅವನು ಬೇಡಿಕೊಂಡದ್ದು ಕಾಳಿಯೆಂಬ ಬೇಟೆನಾಯಿಯನ್ನು. ಕಾಳಿಯು ಕಾಡುಹಂದಿಯೊಡನೆ ಸೆಣಸಿ ಹಂದಿಯೂ ತಾನೂ ಕೂಡಿ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಆ ಕಡೆ ಹೋದ ವಾಚಕರು ನೋಡಬಹುದು. ಅಂಥ ಜಾತಿಯ ಪ್ರಾಣಿಯನ್ನು ತಂದು ನಾಲ್ಕನೆಯ ಮಾಳಿಗೆಯ ಎರಡು ಕೋಣೆಯಲ್ಲಿ ಇಟ್ಟವರು ನಾವು. ಅದರ ಗಂಟಲು ಮಾತ್ರ ಅಂಗಳದ ಅಳತೆಯದಾಗಿಯೇ ಉಳಿದಿದೆ.

ಕಾನೂನೇನು ಹೇಳುತ್ತದೆ? ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಲ್ಲಿ ಈ ಪಟ್ಟಿಯ ಹೆಸರಿಲ್ಲ. ಪ್ರಾಣಿಗೆ ಅನಾವಶ್ಯಕವಾದ ನೋವನ್ನುಂಟುಮಾಡುವುದು ಅಪರಾಧವೆಂದು ಅದರ 11ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಲಮಿನ ಇನ್ನೊಂದು ಉಪವಾಕ್ಯ ಬಹು ಜನರ ಗಮನಕ್ಕೆ ಬಂದಿಲ್ಲ. ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಯನ್ನು ಅಡ್ಡಾಡಿಸದೆ ಅಲಕ್ಷಿಸುವ ಒಡೆಯನೂ ಅಪರಾಧಿಯೇ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದ ಈ ದಂಡಕ್ಕೆ ಯಾರೂ ಅಂಜುವುದಿಲ್ಲವೆಂಬುದು ಬೇರೆ ಮಾತು. ಆದರೆ ದಂಡದ ಮೊತ್ತದಿಂದ ಅಪರಾಧದ ತೂಕವನ್ನು ಅಳೆಯುವವರು ಮಹಾಭಾರತದ ಆದಿಪರ್ವದ ಸರಮೆಯ ಕಥೆಯನ್ನು ಓದಿಕೊಳ್ಳಬೇಕು. ಜನಮೇಜಯನ ಯಾಗಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಹವಿಸ್ಸನ್ನು ಮುಟ್ಟಿರಲಿಲ್ಲ, ನೋಡಿಯೂ ಇರಲಿಲ್ಲ. ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ತಾಯಿನಾಯಿ ಸರಮೆ ಬಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಆಕೆ ಶಪಿಸಿ ಹೋದಳು. ಅಷ್ಟು ದೊಡ್ಡ ಗ್ರಂಥವು ತನ್ನ ಆರಂಭದಲ್ಲಿಯೇ ಒಂದು ನಾಯಿಯ ದೂರಿಗೆ ಎಡೆ ಕೊಟ್ಟಿದೆ.

ನೆರೆಯವರ ಹಕ್ಕನ್ನೂ ಕಾನೂನು ಮರೆತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್. ದೊಡ್ಡ ನಾಯಿಯು ಹತ್ತಿರದಲ್ಲಿ ಬೊಗಳಿದರೆ ಅದು 80ನ್ನು ಸುಲಭವಾಗಿ ದಾಟುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಲಿಯು 2015ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಎರಡೂ ಮಾತುಗಳಿವೆ: ಬೊಗಳುವುದು ನಾಯಿಯ ಸಹಜ ಭಾಷೆಯಾದುದರಿಂದ ಸಮಾಜವು ಅದನ್ನು ಸಹಿಸಬೇಕು, ಸೊಸೈಟಿಯು ಸಾಕುಪ್ರಾಣಿಯನ್ನೇ ನಿಷೇಧಿಸಲಾಗದು, ಎಡೆಬಿಡದ ಬೊಗಳುವಿಕೆ ನೆರೆಯವರಿಗೆ ತೊಂದರೆಯಾದುದರಿಂದ, ಮುಖ್ಯವಾಗಿ ರಾತ್ರಿಯ ಹೊತ್ತು ನಾಯಿಯನ್ನು ಶಾಂತವಾಗಿಡಲು ಒಡೆಯರು ಸರ್ವಪ್ರಯತ್ನ ಮಾಡಬೇಕು. ನಾಯಿ ಹಾಡೀತೇ ಎಂದು ಕೇಳಿ ಕದವಿಕ್ಕಿಕೊಂಡ ಮನೆಯವರು ಮೊದಲ ಮಾತನ್ನು ಮಾತ್ರ ಓದಿದವರಂತೆ ತೋರುತ್ತದೆ.

ಸೊಸೈಟಿಗಳ ಕಾರ್ಯಕಾರಿ ಸಮಿತಿಗಳಲ್ಲಿ ನಮ್ಮವರೂ ಅನೇಕರಿದ್ದಾರೆ. ಅವರಿಗೊಂದು ಸೂಚನೆ. ನಾಯಿಗೆ ಪಟ್ಟಿ ತೊಡಿಸತಕ್ಕದ್ದು ಎಂಬ ಠರಾವನ್ನು ದಯವಿಟ್ಟು ಪಾಸು ಮಾಡಬೇಡಿರಿ. ಶಬ್ದ ಕಡಿಮೆಯಾಗಲಿ ಎಂದು ಕೇಳುವ ಅಧಿಕಾರ ನಿಮಗಿದೆ. ನೋವು ಕೊಟ್ಟು ಕಡಿಮೆ ಮಾಡಿರಿ ಎಂದು ಆಜ್ಞಾಪಿಸುವ ಅಧಿಕಾರವನ್ನು ಯಾವ ಉಪವಿಧಿಯೂ ಕೊಟ್ಟಿಲ್ಲ. ದಂಡ ಹಾಕುವ ಹುರುಪಿಗೂ ಮಿತಿ ಬೇಕು. ಬೀದಿನಾಯಿಗಳಿಗೆ ಅನ್ನ ಹಾಕಿದ ನಿವಾಸಿಯೊಬ್ಬರ ಮೇಲೆ ನವಿ ಮುಂಬಯಿಯ ಸೀವುಡ್ಸ್‌ನ ವಸತಿ ಸಂಕೀರ್ಣವೊಂದು ಹೇರಿದ ದಂಡವು ಬೆಳೆದು ಬೆಳೆದು 8 ಲಕ್ಷ ರೂಪಾಯಿಗೆ ಮುಟ್ಟಿದ ಸುದ್ದಿ 2021ರ ಡಿಸೆಂಬರಿನಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನೆರೆಹೊರೆಯವರೊಳಗಿನ ಮಾತು ಲಕ್ಷದ ಲೆಕ್ಕಕ್ಕೆ ಹೋದಮೇಲೆ ಅದನ್ನು ಮತ್ತೆ ಮಾತಿಗೆ ಇಳಿಸುವುದು ಕಷ್ಟ. ಉತ್ಸವದ ಹತ್ತು ದಿನ ಧ್ವನಿವರ್ಧಕದ ಕೆಳಗೆ ಹಲ್ಲು ಕಚ್ಚಿ ಮಲಗುವ ನಾವು ನಾಯಿಯೊಂದರ ವಿಷಯದಲ್ಲಿ ಮಾತ್ರ ಡೆಸಿಬೆಲ್ಲಿನ ಪಂಡಿತರಾಗುವುದೂ ವಿಚಿತ್ರವೇ. ಧ್ವನಿವರ್ಧಕಕ್ಕೆ ಒಡೆಯರು ಹಲವರು, ನಾಯಿಗೆ ಒಬ್ಬನೇ ಎಂಬುದು ಇದಕ್ಕೆ ಕಾರಣವಿರಬೇಕು.

ಹಾಗಾದರೆ ಒಡೆಯನು ಮಾಡಬೇಕಾದುದೇನು? ಮೊದಲು, ನಾಯಿ ಯಾವಾಗ ಬೊಗಳುತ್ತದೆಂದು ತಿಳಿದುಕೊಳ್ಳಬೇಕು. ತಾನು ಮನೆಯಲ್ಲಿಲ್ಲದಾಗ ನಡೆಯುವುದು ಒಡೆಯನಿಗೆ ಗೊತ್ತಿರುವುದಿಲ್ಲ, ಗೊತ್ತಿರುವುದು ನೆರೆಯವರಿಗೆ. ಆದುದರಿಂದ ದೂರು ತಂದವರನ್ನು ಒಳಗೆ ಕರೆದು, ಒಂದು ಲೋಟ ಚಹಾ ಕೊಟ್ಟು, ವಾರದ ಮಟ್ಟಿಗೆ ಹೊತ್ತುಗಳನ್ನು ಗುರುತು ಹಾಕಿಕೊಡಿರೆಂದು ಕೇಳಬೇಕು. ದೂರು ಕೊಡಲು ಬಂದವನು ಅಲ್ಲಿಗೇ ಅರ್ಧ ಸಮಾಧಾನ ಹೊಂದುತ್ತಾನೆಂಬುದು ಗಲ್ಲೆಯ ಮೇಲೆ ಕುಳಿತು ನಾವು ಕಂಡುಕೊಂಡ ಸತ್ಯ. ಮನೆ ಬಿಡುವಾಗ ಒಂದು ಮೊಬೈಲಿನಲ್ಲಿ ಧ್ವನಿಮುದ್ರಣ ಹಚ್ಚಿಟ್ಟರೂ ಆಗುವುದು.

ಕಲ್ಯಾಣದ ನಾಯಿಯ ರೋಗವಂತೂ ಪತ್ರದಲ್ಲಿಯೇ ತಿಳಿಯುತ್ತದೆ. ಗ್ಯಾಲರಿಯಲ್ಲಿ ಕಟ್ಟಿದ ನಾಯಿಯು ರಾತ್ರಿ ಎರಡಕ್ಕೆ ಕೂಗುವುದು ಬಹುತೇಕ ಕೆಳಗಿನ ಬೀದಿನಾಯಿಗಳಿಗೆ ಕೊಡುವ ಉತ್ತರ. ರಾತ್ರಿ ಹತ್ತಕ್ಕೆ ಅದನ್ನು ಒಳಗೆ ಕರೆದು, ಗ್ಯಾಲರಿಯ ಬಾಗಿಲು ಹಾಕಿ, ಪಂಖದ ಕೆಳಗೆ ಚಾಪೆ ಹಾಸಿದರೆ ಬಹುಪಾಲು ತೊಂದರೆ ಅಲ್ಲಿಗೇ ನಿಂತೀತು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಮನೆಯವರು ಮತ್ತೆ ಕದ ತೆರೆಯದಿದ್ದರೆ ನಮ್ಮ ಬಾಂಧವರು ಸೊಸೈಟಿಯ ಕಾರ್ಯದರ್ಶಿಗೆ ಹೊತ್ತುಗಳ ಪಟ್ಟಿಯೊಡನೆ ಲಿಖಿತ ಅರ್ಜಿ ಕೊಡಲಿ. ಬಾಡಿಗೆಯ ಖೋಲಿಯವರಿಗೆ ದೂರುವ ಹಕ್ಕಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ; ನಿದ್ದೆಯ ಹಕ್ಕಿಗೆ ಶೇರು ಸರ್ಟಿಫಿಕೇಟು ಬೇಕಿಲ್ಲ.

ಡೊಂಬಿವಲಿಯವರ ಕಷ್ಟ ಹೆಚ್ಚು ಆಳದ್ದು. ಅಲ್ಲಿಂದ ಕೋಟೆಯ ಕಚೇರಿಗಳಿಗೆ ಹೋಗಿಬರುವವರಿಗೆ ಗಾಡಿಯಲ್ಲಿಯೇ ದಿನದ ಎರಡು ಮೂರು ಗಂಟೆಗಳು ಕಳೆಯುತ್ತವೆ; ಉಳಿದ ವೇಳೆಯಲ್ಲಿ ಸಾಹೇಬರಿಗೆಷ್ಟು, ಸಂಸಾರಕ್ಕೆಷ್ಟು, ನಾಯಿಗೆಷ್ಟು? ಆದರೂ ನಾಯಿಯು ಕೇಳುವುದು ವೇಳೆಯನ್ನೇ. ಏಳರ ಗಾಡಿಗೆ ಮೊದಲು ಅರ್ಧ ಗಂಟೆ ಚೆನ್ನಾಗಿ ನಡೆಸಿ ದಣಿಸಿದ ನಾಯಿಯು ಮುಂದಿನ ಕೆಲವು ಗಂಟೆಗಳನ್ನು ನಿದ್ದೆಯಲ್ಲಿ ಕಳೆಯುವುದು. ಅದರ ಅನ್ನವನ್ನೆಲ್ಲ ಒಮ್ಮೆಗೇ ತಟ್ಟೆಗೆ ಸುರಿಯದೆ, ಒಂದು ಪಾಲು ಒಣ ತಿಂಡಿಯನ್ನು ಹಳೆಯ ಟವಲಿನ ಮಡಿಕೆಗಳಲ್ಲಿ ಸುತ್ತಿ ಮೂಲೆಮೂಲೆಗೆ ಇಟ್ಟರೆ ಹುಡುಕಿ ತಿನ್ನುವುದರಲ್ಲಿ ಅದಕ್ಕೆ ಹೊತ್ತು ಹೋಗುತ್ತದೆ. ಓಣಿ ಕಾಣುವ ಕಿಟಕಿಗೆ ಪರದೆ ಇಳಿಸಬೇಕು. ಒಬ್ಬಂಟಿತನವನ್ನು ನಾಯಿಗೆ ಮೆಲ್ಲಗೆ ಕಲಿಸಬೇಕು. ರಜಾದಿನ ಬೀಗ ಹಾಕಿ ಎರಡು ನಿಮಿಷಕ್ಕೆ ಮರಳುವುದು, ಮತ್ತೆ ಐದು ನಿಮಿಷಕ್ಕೆ, ಮತ್ತೆ ಹದಿನೈದಕ್ಕೆ, ಪ್ರತಿ ಸಲವೂ ಕೂಗುವ ಮೊದಲೇ ಹಿಂದಿರುಗಿ ಗದ್ದಲವಿಲ್ಲದೆ ಒಳಗೆ ಬರುವುದು. ವಾರಗಟ್ಟಲೆ ಹಿಡಿಯುವ ಕೆಲಸವಿದು. ಪಟ್ಟಿ ಮಾರುವವನು ಒಂದೇ ದಿನದ ಭರವಸೆ ಕೊಡುತ್ತಾನೆ. ಅವನ ವ್ಯಾಪಾರ ಕುದುರುವುದು ಅದರಿಂದಲೇ.

ಇಷ್ಟಾದರೂ ಹದಿಮೂರು ಗಂಟೆಯೆಂಬುದು ಹದಿಮೂರು ಗಂಟೆಯೇ. ನಡುವೆ ಒಬ್ಬ ಮನುಷ್ಯ ಬಾಗಿಲು ತೆರೆಯಬೇಕು. ಕಟ್ಟಡದಲ್ಲಿ ನಿವೃತ್ತರಾದ ಹಿರಿಯರಿರುತ್ತಾರೆ. ಊರಿನಿಂದ ಬಂದು ಮಗನ ಮನೆಯಲ್ಲಿ ಮಾತಿಗೆ ಜನವಿಲ್ಲದೆ ಕುಳಿತ ಅಜ್ಜಂದಿರಿರುತ್ತಾರೆ. ಮಧ್ಯಾಹ್ನ ಒಂದು ಗಂಟೆ ನಾಯಿಯನ್ನು ಅವರಿಗೆ ಒಪ್ಪಿಸಿದರೆ ಇಬ್ಬರಿಗೂ ಹೊತ್ತು ಹೋದೀತು. ಅದೂ ಆಗದಿದ್ದರೆ, ಹಗಲು ಮನೆಯಲ್ಲಿ ಜನರಿರುವ ಬಂಧುಗಳಿಗೆ ನಾಯಿಯನ್ನು ಕೊಡುವುದರಲ್ಲಿ ಅವಮಾನವೇನೂ ಇಲ್ಲ. ಬೀದಿಗೆ ಬಿಡುವುದು ಮಾತ್ರ ಕೂಡದು; ಅದನ್ನೂ ಅದೇ 1960ರ ಕಾಯಿದೆ ಅಪರಾಧವೆನ್ನುತ್ತದೆ. ಮಕ್ಕಳ ಹಟಕ್ಕೆ ಮರಿಯನ್ನು ತರಬೇಕೆಂದಿರುವ ಉಳಿದ ವಾಚಕರು, ಹಗಲು ಬಾಗಿಲು ತೆರೆಯುವವರು ಯಾರೆಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ತರುವುದು ಒಳಿತು.

ಕೊನೆಯದಾಗಿ ಒಂದು ಮಾತು ಪ್ರಾಯ ಸಂದ ನಾಯಿಗಳ ವಿಷಯವಾಗಿ. ವರ್ಷಗಟ್ಟಲೆ ಸುಮ್ಮನಿದ್ದ ನಾಯಿಯು ಒಮ್ಮೆಲೇ ಇರುಳೆಲ್ಲ ಕೂಗತೊಡಗಿದರೆ ಅದು ಕಿವಿ ಮಂದವಾದುದರಿಂದಲೋ, ಕಣ್ಣು ಕಾಣದೆಯೋ, ಸಂದುಗಳ ನೋವಿನಿಂದಲೋ, ಮುಪ್ಪಿನ ಮರೆವಿನಿಂದಲೋ ಇರುವ ಸಂಭವ ಹೆಚ್ಚು. ಅಂಥ ನಾಯಿಯನ್ನು ಕೂಡಲೇ ಹತ್ತಿರದ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರಿಂದಾಗದಿದ್ದರೆ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ. 1883ರಿಂದ ಅದು ಮುಂಬಯಿಯ ಮೂಕಪ್ರಾಣಿಗಳ ಶುಶ್ರೂಷೆ ನಡೆಸುತ್ತ ಬಂದಿದೆ. ಕಲ್ಯಾಣದಿಂದ ದೂರವೇ ನಿಜ. ನಾಯಿಯೊಡನೆ ಲೋಕಲಿನ ನೂಕಾಟಕ್ಕೆ ಇಳಿಯದೆ, ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿರುವಾಗ ಇಬ್ಬರು ಸೇರಿ ಟ್ಯಾಕ್ಸಿ ಮಾಡಿಕೊಂಡು ಹೋಗುವುದು ಅನುಕೂಲ. ಹೊರಡುವ ಮೊದಲು ಆಸ್ಪತ್ರೆಯ ವೇಳೆಯನ್ನು ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು, ರೇಬಿಸ್ ಚುಚ್ಚುಮದ್ದಿನ ಕಾರ್ಡನ್ನು ಮರೆಯದೆ ಕೊಂಡೊಯ್ಯಬೇಕು.